ನೆಲಮಹಡಿಯ ತೂಕದ ಯಂತ್ರಕ್ಕೆ, ಏಳು ಕಿಲೋ ವಿಷಯವಾಗಿ

ಶ್ರೀ ತೂಕದ ಯಂತ್ರದವರ ಸನ್ನಿಧಿಗೆ,
ತೆರೆಜಾ ಬಾಯಿಯವರ ಚಪ್ಪಲಿ ಸ್ಟ್ಯಾಂಡಿನ ಹಿಂಬದಿ, ನೆಲಮಹಡಿ,
ಓಲ್ಡ್ ಏರ್‌ಪೋರ್ಟ್ ಬಡಾವಣೆ, ದೋಹಾ.

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಕೆಂಪು ಮುಳ್ಳು ಸೊನ್ನೆಯ ಮೇಲೆ ನೆಮ್ಮದಿಯಿಂದ ಮಲಗಿದೆಯೆಂದೂ, ತಮ್ಮ ಬೆನ್ನಿನ ರಬ್ಬರ್ ಹಾಳೆ ಮತ್ತಷ್ಟು ಕಿತ್ತುಬಂದಿಲ್ಲವೆಂದೂ ನಂಬಿ, ಇದೇ ಕಟ್ಟಡದ ಮೂರನೆಯ ಮಹಡಿಯ ಅಶ್ವಿತಾ ಎಂಬ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮಿಂದ ನನ್ನ ಸಂಸಾರಕ್ಕೆ ಆಗಿರುವ ಉಪಕಾರವನ್ನು ಇನ್ನು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದಾಗದು. ಆದಕಾರಣ ಈ ಪತ್ರವನ್ನು ಲಿಫ್ಟಿನ ಪಕ್ಕದ ಗೋಡೆಗೆ ಅಂಟಿಸಿ ಬಹಿರಂಗಪಡಿಸುತ್ತಿದ್ದೇನೆ. ಲಿಫ್ಟು ಬರುವಷ್ಟರಲ್ಲಿ ಯಾರು ಬೇಕಾದರೂ ಇದನ್ನು ಎರಡು ಸಲ ಓದಿ ಮುಗಿಸಬಹುದು.

ಮೊದಲು ತಮ್ಮ ಸೇವೆಯನ್ನು ಕೊಂಡಾಡದಿದ್ದರೆ ನಾನು ಕೃತಘ್ನಳಾಗುತ್ತೇನೆ. ಮನುಷ್ಯರನ್ನು ತೂಗಲೆಂದು ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದ ತಾವು, ಈ ಕಟ್ಟಡಕ್ಕೆ ಬಂದ ಮೇಲೆ ಒಬ್ಬನೇ ಒಬ್ಬ ಮನುಷ್ಯನನ್ನು ಅವನ ಸಲುವಾಗಿ ತೂಗಿದ್ದನ್ನು ನಾನು ಕಂಡಿಲ್ಲ. ಊರಿಗೆ ಹೊರಟವನು ಮೊದಲು ಬರಿಗೈಯಲ್ಲಿ ತಮ್ಮ ಮೇಲೆ ನಿಲ್ಲುತ್ತಾನೆ, ಆಮೇಲೆ ಸೂಟ್‌ಕೇಸನ್ನು ಕೂಸಿನ ಹಾಗೆ ಅವುಚಿಕೊಂಡು ನಿಲ್ಲುತ್ತಾನೆ, ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಸಾಮಾನಿನ ತೂಕ ಸಿಗುತ್ತದೆ. ಮನುಷ್ಯನನ್ನು ಕಳೆದು ಸಾಮಾನನ್ನು ಉಳಿಸಿಕೊಳ್ಳುವ ಈ ಲೆಕ್ಕದಲ್ಲಿ ನನ್ನ ಯಜಮಾನರಾದ ಮುದ್ದುಕೃಷ್ಣರು ಎಷ್ಟು ಪಳಗಿದ್ದಾರೆಂದರೆ, ಸೂಟ್‌ಕೇಸ್ ಎತ್ತಲಾಗದ ಹೆಂಗಸರ ಮನೆಗೆಲ್ಲ ಅವರೇ ಹೋಗಿ ತಮ್ಮ ಮೇಲೆ ನಿಂತುಕೊಟ್ಟು ಬರುತ್ತಾರೆ. ಹಾಗಾಗಿ ಅವರ ತೂಕ ಎಪ್ಪತ್ತನಾಲ್ಕು ಎಂಬುದು ನೆಲಮಹಡಿಯಿಂದ ಟೆರೇಸಿನವರೆಗೆ ಎಲ್ಲರಿಗೂ ಬಾಯಿಪಾಠ. ಅವರು ಹುಟ್ಟಿದ ದಿನ ಯಾವುದೆಂದು ಯಾರಿಗೂ ಗೊತ್ತಿಲ್ಲ.

ತಮ್ಮ ಇನ್ನೊಂದು ಸೇವೆ ಇದಕ್ಕಿಂತ ದೊಡ್ಡದು. ತಮ್ಮನ್ನು ಯಾರು ಎತ್ತಿಕೊಂಡು ಹೋದರೋ ಅವರು ಊರಿಗೆ ಹೊರಟರೆಂದು ಇಲ್ಲಿ ಅರ್ಥ. ಬಾಯಿಬಿಟ್ಟು ಹೇಳಬೇಕಾಗಿಲ್ಲ, ಚಪ್ಪಲಿ ಸ್ಟ್ಯಾಂಡಿನ ಹಿಂಬದಿ ಖಾಲಿ ಕಂಡರೆ ಸಾಕು, ಸಂಜೆಯೊಳಗೆ ಬೆಲ್ಲು ಬಾರಿಸಿಕೊಂಡು ಬಾದಾಮಿ, ಹಾಲಿನ ಪುಡಿ, ಖರ್ಜೂರ, ತಲೆನೋವಿನ ಎಣ್ಣೆ, ಹುಲಿಚಿತ್ರದ ಕಂಬಳಿ ಎಲ್ಲವೂ ತಾವಾಗಿಯೇ ನಡೆದುಬರುತ್ತವೆ. ಮದುವೆಯಾಗಿ ಇಲ್ಲಿಗೆ ಬಂದ ಲಾಗಾಯ್ತು ನಮ್ಮ ಒಂದೊಂದು ರಜೆಯೂ ಈ ಕಂಬಳಿಗಳನ್ನು ಮಂಗಳೂರಿನಿಂದ ಬೈಂದೂರಿನವರೆಗೆ ಮನೆಮನೆಗೆ ಮುಟ್ಟಿಸಿ, ಕೊಟ್ಟ ಚಹಾ ಕುಡಿದು, "ಯಾವಾಗ ಬಂದದ್ದು? ಯಾವಾಗ ವಾಪಸ್?" ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವುದರಲ್ಲಿ ಮುಗಿದಿದೆ. ಬಂದದ್ದಕ್ಕೂ ವಾಪಸಾಗುವುದಕ್ಕೂ ನಡುವೆ ನಾವು ಏನು ಮಾಡಿದೆವೆಂದು ಯಾರೂ ಕೇಳಿದ್ದಿಲ್ಲ, ಕೇಳಿದ್ದರೂ ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ ಬಿಡಿ.

ಈಗ ವಿಷಯಕ್ಕೆ ಬರುತ್ತೇನೆ. ಅಲ್ ರಯ್ಯಾನಿನ ಶಾಲೆಯೊಂದರಲ್ಲಿ ನಾನು ಸಣ್ಣ ಮಕ್ಕಳ ಟೀಚರ್. ಬೆಳಗಿನಿಂದ ಮಧ್ಯಾಹ್ನದವರೆಗೆ ಕಿವಿಯಲ್ಲಿ "ಮಿಸ್, ಮಿಸ್" ಎಂಬ ಶಬ್ದ, ಮನೆಗೆ ಬಂದರೆ ಮೇಲಿನ ಫ್ಲ್ಯಾಟಿನ ಮಿಕ್ಸಿ, ಕೆಳಗಿನ ಫ್ಲ್ಯಾಟಿನ ಟೀವಿ. ಹೀಗಿರಲು ಒಂದು ದಿನ ಸ್ಕೂಲ್ ಬಸ್ಸಿನಲ್ಲಿ ಮೊಬೈಲು ತೀಡುತ್ತಿದ್ದಾಗ ತಾಯ್ಲೆಂಡಿನ ಒಂದು ಸಣ್ಣ ದ್ವೀಪದ ಅತಿಥಿಗೃಹ ಕಣ್ಣಿಗೆ ಬಿತ್ತು. ಮರದ ನಾಲ್ಕೈದು ಗುಡಿಸಲು, ಮುಂದೆ ಒಂದು ಬಲೆಯ ತೊಟ್ಟಿಲು, ಅದರ ಮುಂದೆ ಸಮುದ್ರ. ಆ ಫೋಟೋದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ, ನನಗಂತೂ ಅದೇ ಹಿಡಿಸಿತು.

ಅತಿಥಿಗೃಹದ ಮಾಲಕಿ ವಯಸ್ಸಾದ ಹೆಂಗಸು, ಮೊಬೈಲಿನ ಭಾಷಾಂತರದ ಸಹಾಯದಿಂದ ಉತ್ತರ ಬರೆಯುವವರು. ಏಸಿ ಇದೆಯೇ ಎಂದು ಕೇಳಿದೆ, ಫ್ಯಾನ್ ಇದೆ, ಕಿಟಕಿ ದೊಡ್ಡದು ಎಂದರು. ಟೀವಿ ಇದೆಯೇ ಎಂದೆ, ಇತ್ತು, ಉಪ್ಪುಗಾಳಿಗೆ ಹಾಳಾಯಿತು, ಕ್ಷಮಿಸಿ ಎಂದರು. ನೋಡುವಂಥ ಜಾಗಗಳು ಏನೇನಿವೆ ಎಂದು ಕೊನೆಗೆ ಕೇಳಿದ್ದಕ್ಕೆ, "ಇಲ್ಲಿ ಏನೂ ಇಲ್ಲ. ಬನ್ನಿ" ಎಂದು ಬರೆದರು. ಅಬ್ಬಾ, ಇಷ್ಟು ಚೆಂದದ ಆಮಂತ್ರಣ ನನಗೆ ಯಾವ ಮದುವೆ ಕಾಗದದಲ್ಲೂ ಬಂದಿಲ್ಲ! ಒಂದೇ ಒಂದು ಶರತ್ತು ಹಾಕಿದರು: ದೋಣಿ ಸಣ್ಣದು, ಇಳಿದ ಮೇಲೆ ಮೊಣಕಾಲುದ್ದ ನೀರಿನಲ್ಲಿ ನಡೆಯಬೇಕು, ಆದ್ದರಿಂದ ಕೋಣೆಗೊಂದೇ ಚೀಲ, ಏಳು ಕಿಲೋ ಮೀರಬಾರದು.

ಏಳು ಕಿಲೋ! ಗಂಡಹೆಂಡಿರ ಬಟ್ಟೆ, ಒಂದು ಸಾಬೂನು, ಎರಡು ಚಪ್ಪಲಿ. ಯಾರಿಗೂ ಏನೂ ಇಲ್ಲದ, ನಮ್ಮದು ಮಾತ್ರವೇ ಇರುವ ಚೀಲವೊಂದನ್ನು ನನ್ನ ಜೀವಮಾನದಲ್ಲಿ ನಾನು ಮುಚ್ಚಿದ್ದಿಲ್ಲ. ಮಣಿಪಾಲದ ಹಾಸ್ಟೆಲಿನಲ್ಲಿರುವ ನಮ್ಮ ಮಗ ಶರಣನಿಗೆ ಫೋನಿನಲ್ಲಿ ಹೇಳಿದರೆ, "ಅಮ್ಮ, ನೀವಿಬ್ರೇ? ಅಷ್ಟು ದಿನ ಮಾತಾಡ್ಲಿಕ್ಕೆ ಎಂತ ಉಂಟು ನಿಮಗೆ?" ಎಂದ. ಮಾತಾಡುವುದಿಲ್ಲ ಮಗಾ, ಸುಮ್ಮನೆ ಕೂತುಕೊಳ್ಳುತ್ತೇವೆ ಎಂದೆ. ಅವನಿಗೆ ಗಾಬರಿಯಾಗಿ, ಹುಷಾರಾಗಿದ್ದೀರಲ್ಲ ಎಂದು ಅಪ್ಪನಿಗೆ ಬೇರೆಯೇ ಫೋನು ಮಾಡಿದನಂತೆ.

ಬೇರೆ ಯಾರಿಗೂ ಹೇಳಬಾರದೆಂದು ನಾವು ಬಾಯಿಗೆ ಬೀಗ ಹಾಕಿಕೊಂಡೆವು. ಇಲ್ಲಿ ದುಡಿಯುವವರು ರಜೆಯಲ್ಲಿ ಊರು ಬಿಟ್ಟು ಇನ್ನೊಂದು ಕಡೆಗೆ ಹೋಗುವುದೆಂದರೆ ಊರಿನ ಮುಖಕ್ಕೆ ಬೆನ್ನು ಹಾಕಿದ ಹಾಗೆ, ಅದರಲ್ಲೂ ತಾಯ್ಲೆಂಡ್ ಎಂದ ಕೂಡಲೇ ನಗುವವರು ನಗುವ ರೀತಿ ತಮಗೆ ತಿಳಿಯದ್ದೇನಲ್ಲ. ಗುಟ್ಟು ರಟ್ಟಾಗದೆ ನಾವು ಹೊರಡುವ ಗುರುವಾರದವರೆಗೆ ಉಳಿಯಬಹುದಿತ್ತು. ಆದರೆ ನಮ್ಮವರು ಮುಶೈರಿಬ್‌ನ ಆಫೀಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಳತೆ ಸರಿನೋಡುವ ಕೆಲಸದವರು. ಚೀಲ ಹಗುರವಾಗಿದೆ, ಕೈಯಲ್ಲಿ ಎತ್ತಿದರೆ ಗೊತ್ತಾಗುತ್ತದೆ ಎಂದು ನಾನು ಹೇಳಿದರೂ ಕೇಳದೆ, "ಒಂದ್ಸಲ ತೂಗಿ ನೋಡುವಾ, ಸಮಾಧಾನಕ್ಕೆ" ಎಂದು ಹೋಗಿ ತಮ್ಮನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದರು. ಲಿಫ್ಟಿನಲ್ಲಿ ನಮ್ಮವರ ಗೆಳೆಯ, ಎರಡನೆಯ ಮಹಡಿಯ ಶರೀಫಾಕ ಸಿಕ್ಕರು. ಬೆಡ್‌ಶೀಟಿನಲ್ಲಿ ಸುತ್ತಿದರೆ ತಾವು ಥೇಟ್ ಬೆಡ್‌ಶೀಟಿನಲ್ಲಿ ಸುತ್ತಿದ ತೂಕದ ಯಂತ್ರದ ಹಾಗೆಯೇ ಕಾಣುತ್ತೀರಿ, ಮಾನ್ಯರೇ.

ಶರೀಫಾಕ ಕೇಳಿದ್ದು ಇಷ್ಟೇ: "ಯಾವಾಗ ಮುದ್ದಣ್ಣ?" ನಮ್ಮವರು ಹೇಳಿದ್ದೂ ಇಷ್ಟೇ: "ಗುರುವಾರ." ಅದು ಸತ್ಯವೇ. ಸಂಜೆಯ ಮಗ್ರಿಬ್ ಬಾಂಗ್ ಆಗುವ ಹೊತ್ತಿಗೆ ಶರೀಫಾಕನ ಹುಲಿಕಂಬಳಿ ನಮ್ಮ ಸೋಫಾದ ಮೇಲೆ ಮಲಗಿತ್ತು, ಅದರ ಹಿಂದೆಯೇ ಐದನೆಯ ಮಹಡಿಯ ಬಾದಾಮಿ ಬಂತು, ಎದುರು ಫ್ಲ್ಯಾಟಿನ ಹಾಲಿನ ಪುಡಿ ಬಂತು, ಹೆಸರೇ ಗೊತ್ತಿಲ್ಲದ ಯಾರೋ ಒಬ್ಬರು ಬಂದು ಪುತ್ತೂರಿಗೆಂದು ಒಂದು ಇಸ್ತ್ರಿಪೆಟ್ಟಿಗೆ ಇಟ್ಟುಹೋದರು. ಒಂದೊಂದು ಸಲವೂ ನಮ್ಮವರು ತಲೆ ಬಗ್ಗಿಸಿ, "ಆಯ್ತು, ಇಡಿ" ಎಂದರು. ಆ ಮನುಷ್ಯನ ಬಾಯಿಯಲ್ಲಿ "ಇಲ್ಲ" ಎಂಬ ಅಕ್ಷರಗಳೆರಡನ್ನು ದೇವರು ಹಾಕುವುದಕ್ಕೇ ಮರೆತಿದ್ದಾನೆ. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಅಷ್ಟರವರೆಗೂ ನಾನು ಹಲ್ಲುಕಚ್ಚಿ ಸಹಿಸಿದೆ. ಕಂಬಳಿಯನ್ನು ಕಪಾಟಿನಲ್ಲಿ ತುರುಕಿ, ಹೋಗಿ ಬಂದ ಮೇಲೆ ಏನಾದರೂ ಹೇಳಿದರಾಯಿತೆಂದು ಇದ್ದೆ. ಆಮೇಲೆ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ತಮ್ಮ ಒಡತಿ ತೆರೆಜಾ ಬಾಯಿಯವರೇ ಬಂದರು. ತಂಗಿಯ ಮೊಮ್ಮಗುವಿಗೆ ಭಾನುವಾರ ಉಡುಪಿಯ ಚರ್ಚಿನಲ್ಲಿ ಜ್ಞಾನಸ್ನಾನ, ಅದಕ್ಕೆ ಬಾಯಿಯವರೇ ಕೈಯಾರೆ ಹೊಲಿದ ಬಿಳಿ ಅಂಗಿ. ನಮ್ಮವರು ಅಭ್ಯಾಸಬಲದಿಂದ ಅದನ್ನು ತಮ್ಮ ಮೇಲಿಟ್ಟರು, ತಮ್ಮ ಮುಳ್ಳು ಅಲುಗಲಿಲ್ಲ. ಇಷ್ಟೆಲ್ಲ ಹೊತ್ತ ತಮಗೆ ಆ ಅಂಗಿಯ ಭಾರ ಗೊತ್ತಾಗದೇ ಹೋದದ್ದು ತಮ್ಮ ಮೇಲೆ ನನಗಿರುವ ಮುಖ್ಯ ದೂರು.

ಏಕೆಂದರೆ ಬಾಯಿಯವರು ಅತ್ತ ಹೋದದ್ದೇ ತಡ, ನಮ್ಮವರು ಅಂಗಿಯನ್ನು ಕೈಯಲ್ಲಿ ಹಿಡಿದು, ನನ್ನ ಮುಖ ನೋಡದೆ, "ಅಶ್ವಿತಾ, ನಾವು ಊರಿಗೇ ಹೋಗಿ ಬರುವನಾ? ಅದು ಎಲ್ಲಿಗೆ ಹೋಗ್ತದೆ, ದ್ವೀಪ ಅಲ್ಲೇ ಇರ್ತದೆ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ದ್ವೀಪ ಅಲ್ಲೇ ಇರುತ್ತದೆ ಮಾರಾಯ್ರೆ, ನಾನು ಇರಬೇಕಲ್ಲ! ಪ್ರತಿ ವರ್ಷವೂ ಎಲ್ಲರದ್ದನ್ನೂ ಹೊತ್ತು, ಕೊನೆಗೆ ಜಾಗ ಉಳಿದರೆ ನನ್ನದೊಂದು ಸೀರೆ ಎಂದು ಬದುಕಿದವಳಿಗೆ ಏಳು ಕಿಲೋ ಜಾಗ ಕೊಡಲು ಈ ಭೂಮಿಯಲ್ಲಿ ಯಾರಿಗೂ ಆಗುವುದಿಲ್ಲವೇ ಎಂದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನೀರು ಪೋಲು ಮಾಡಿದ್ದಕ್ಕೆ ಈ ಮೂಲಕ ಕಟ್ಟಡದವರ ಕ್ಷಮೆ ಕೋರುತ್ತೇನೆ.

ಆಮೇಲೆ ಮುಖ ತೊಳೆದು, ಒಂದು ಕಂಕುಳಲ್ಲಿ ತಮ್ಮನ್ನು, ಇನ್ನೊಂದು ಕೈಯಲ್ಲಿ ಅಂಗಿಯನ್ನು ಹಿಡಿದು ನಾನೇ ಕೆಳಗಿಳಿದೆ. ತಾವು ಸ್ವತಃ ಹಾಜರಿದ್ದಿರಿ, ಆದರೂ ಓದುವವರ ಸಲುವಾಗಿ ನಡೆದದ್ದನ್ನು ಹೇಳುತ್ತೇನೆ. ಬಾಯಿ, ನಾವು ಊರಿಗೆ ಹೋಗುತ್ತಿಲ್ಲ ಎಂದೆ. "ಮತ್ತೆ ಎಲ್ಲಿಗೆ?" ಎಂದು ಕೇಳಿದರು. ಆ ಪ್ರಶ್ನೆ ಕೇಳಿದ ಮೊದಲನೆಯವರು ಅವರೇ. ದ್ವೀಪದ ಹೆಸರು ಹೇಳಿದೆ. "ಅಲ್ಲಿ ಎಂತ ಉಂಟು?" ಎಂದರು. ಎಂತದೂ ಇಲ್ಲ ಎಂದೆ. "ಎಂತದೂ ಇಲ್ವಾ?" ಎಂದು ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ನನ್ನ ಮೊಬೈಲಿನ ಫೋಟೋ ನೋಡಿದರು. ಆಮೇಲೆ ಅಂಗಿಯನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಕಳಚಿ, ನಾನು ನೆಲದ ಮೇಲಿಟ್ಟಿದ್ದ ತಮ್ಮ ಮೇಲೆ ಗೋಡೆ ಹಿಡಿದುಕೊಂಡು ಹತ್ತಿ ನಿಂತರು. ಕೈಯಲ್ಲಿ ಏನೂ ಇರಲಿಲ್ಲ. ಮನುಷ್ಯರನ್ನು ತೂಗಿದ್ದನ್ನು ಕಂಡಿಲ್ಲ ಎಂದು ಮೇಲೆ ಬರೆದದ್ದನ್ನು ಇಲ್ಲಿಗೆ ತಿದ್ದಿಕೊಳ್ಳಬೇಕಾಗಿ ವಿನಂತಿ. "ಐವತ್ತಾರು. ಓ ದೇವಾ, ನಾನು ಇಷ್ಟೇ ಇರುದಾ?" ಎಂದು ಬಾಯಿ ನಕ್ಕುಬಿಟ್ಟರು. ನಾನೂ ನಕ್ಕೆ, ನಗುತ್ತಾ ಮತ್ತೆ ಅಳು ಬಂತು.

"ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ? ನಮ್ಮ ವಲೇರಿಯನ್‌ರ ಕಂಪೆನಿಯ ಜೇಕಬ್ ಶುಕ್ರವಾರ ಮಂಗಳೂರಿಗೆ ಹೋಗ್ತಾನೆ, ಅವನ ಹತ್ರ ಕೊಟ್ರಾಯ್ತು" ಎಂದು ಬಾಯಿಯವರು ಗಂಡ ವಲೇರಿಯನರಿಗೆ ಅಲ್ಲಿಂದಲೇ ಫೋನು ಮಾಡಿದರು. ಆಮೇಲೆ ನಮ್ಮಲ್ಲಿ ಸಾಮಾನಿಟ್ಟ ಉಳಿದವರಿಗೂ ಮಾಡಿದರು. ನಾನು ಮೂರನೆಯ ಮಹಡಿ ತಲುಪುವ ಮೊದಲೇ ನಮ್ಮ ಬಾಗಿಲಲ್ಲಿ ಕಂಬಳಿ, ಬಾದಾಮಿ, ಇಸ್ತ್ರಿಪೆಟ್ಟಿಗೆಯವರೆಲ್ಲ ಸಾಮಾನು ವಾಪಸ್ ಒಯ್ಯಲು ಸಾಲುಗಟ್ಟಿ ನಿಂತಿದ್ದರು. ಶರೀಫಾಕ ಕಂಬಳಿ ಹೊತ್ತುಕೊಂಡು, "ತಾಯ್ಲೆಂಡಿಗಾ? ಫ್ಯಾಮಿಲಿ ಹೋಗುವ ಜಾಗವಾ ಅದು ಅಶ್ವಿತಕ್ಕ?" ಎಂದರು. ಫೋಟೋ ತೋರಿಸಿದೆ. ಅವರ ಬೀವಿ ರೈಹಾನಾ ಹಿಂದಿನಿಂದ ಇಣುಕಿ ಅದನ್ನು ಅವರಿಗಿಂತ ಜಾಸ್ತಿ ಹೊತ್ತು ನೋಡಿದಳು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಬೇಡಿಕೆಗಳು ಹೆಚ್ಚೇನಿಲ್ಲ. ಇನ್ನು ಮುಂದೆ ಯಾರಾದರೂ ತಮ್ಮನ್ನು ಎತ್ತಿದಾಗ ದಯವಿಟ್ಟು ಅದೃಶ್ಯರಾಗಬೇಕು. ಕಂಬಳಿಯೊಂದಿಗೆ ಅದನ್ನು ಕೊಟ್ಟವರ ಆಸೆಯನ್ನೂ, ಅಂಗಿಯೊಂದಿಗೆ ಅದನ್ನು ಹೊಲಿದ ಬೆರಳುಗಳನ್ನೂ ಸೇರಿಸಿ ತೂಗಿ ತೋರಿಸಬೇಕು. ನಮ್ಮವರು "ಆಯ್ತು" ಎಂದಾಗಲೆಲ್ಲ ಆ ಮಾತಿನ ತೂಕವನ್ನು ಅಲ್ಲಿಂದಲ್ಲಿಗೇ ತಿಳಿಸಬೇಕು. ಹೆಂಗಸರು ಬರಿಗೈಯಲ್ಲಿ ತಮ್ಮ ಮೇಲೆ ನಿಂತಾಗ ಐದು ಕಿಲೋ ಕಡಿಮೆ ತೋರಿಸಿದರೆ ಅದನ್ನೂ ಯಾರೂ ಆಕ್ಷೇಪಿಸುವುದಿಲ್ಲ. ಇಷ್ಟನ್ನು ನಡೆಸಿಕೊಟ್ಟಲ್ಲಿ, ಬರುವಾಗ ದ್ವೀಪದಿಂದ ತಮಗಾಗಿ ಏನನ್ನೂ ತರುವುದಿಲ್ಲ ಎಂದು ಈ ಮೂಲಕ ಮಾತು ಕೊಡುತ್ತೇನೆ.

ಇಷ್ಟಾದರೂ ತಮ್ಮ ಮೇಲೆ ಒಂದಿಷ್ಟು ವಿಶ್ವಾಸ ಉಳಿಸಿಕೊಂಡಿರುವ,

ಅಶ್ವಿತಾ
ಮೂರನೆಯ ಮಹಡಿ

ತಾ.ಕ.: ಇಷ್ಟು ಬಹಿರಂಗ. ಇದನ್ನು ಮಾತ್ರ ಹಾಳೆಯ ಹಿಂಬದಿಯಲ್ಲಿ, ಗೋಡೆಗೆ ತಾಗುವ ಕಡೆಗೆ, ತಮಗೊಬ್ಬರಿಗೇ ಬರೆಯುತ್ತಿದ್ದೇನೆ. ಇಂದು ಸಂಜೆ ಶರೀಫಾಕ ತಮ್ಮನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದದ್ದು ತಮಗೆ ನೆನಪಿದೆ. ಅವರೂ ರೈಹಾನಾಳೂ ಅದೇ ದ್ವೀಪದಲ್ಲಿ, ಅದೇ ದಿನಗಳಿಗೆ, ನಮ್ಮ ಪಕ್ಕದ ಗುಡಿಸಲನ್ನೇ ಬುಕ್ ಮಾಡಿದ್ದಾರಂತೆ. ಅಲ್ಲಿ ಏನೂ ಇಲ್ಲವಂತಲ್ಲ ಎಂದು ರೈಹಾನಾ ಅಕ್ಕಿಹಿಟ್ಟು, ಉಪ್ಪಿನಕಾಯಿ ಎಲ್ಲ ತುಂಬಿ ಅವರ ಚೀಲ ಒಂಬತ್ತು ಕಿಲೋ ಆಗಿದೆಯಂತೆ. "ಎರಡು ಕಿಲೋ ನಿಮ್ಮದ್ರಲ್ಲಿ ಹಿಡೀತದಾ ಮುದ್ದಣ್ಣ?" ಎಂದರು. ನಮ್ಮವರ ಬಾಯಿ ಆಗಲೇ "ಆ" ಎಂದು ತೆರೆದಿತ್ತು. ನಮ್ಮ ಚೀಲ ಅವುಚಿಕೊಂಡು ತಮ್ಮ ಮೇಲೆ ನಿಂತರು, ತಮ್ಮ ಮುಳ್ಳು ಎಪ್ಪತ್ತೊಂಬತ್ತಕ್ಕೆ ಹೋಯಿತು. "ಎಪ್ಪತ್ತನಾಲ್ಕು ಕಳೆದ್ರೆ ಐದು. ಎರಡು ಕಿಲೋ ಜಾಗ ಉಂಟಲ್ಲ, ಖಲಾಸ್!" ಎಂದು ಶರೀಫಾಕ ಕೈ ತಟ್ಟಿದರು. ನಮ್ಮವರು ಚೀಲ ಹಿಡಿದುಕೊಂಡೇ ಒಂದು ಸಲ ನನ್ನ ಕಡೆ ನೋಡಿ, "ಇಲ್ಲ ಶರೀಫಾಕ, ನಾನೀಗ ಎಪ್ಪತ್ತೆರಡು. ಎರಡು ಕಿಲೋ ಇಳಿದಿದ್ದೇನೆ. ಚೀಲ ಏಳು ಫುಲ್" ಎಂದರು. ಇನ್ನು ಯಾವಾಗಲಾದರೂ ಅವರು ಶರೀಫಾಕನ ಎದುರಿಗೆ ಬರಿಗೈಯಲ್ಲಿ ತಮ್ಮ ಮೇಲೆ ನಿಂತರೆ, ತಮ್ಮ ಕಾಲಿಗೆ ಬೀಳುತ್ತೇನೆ, ಎಪ್ಪತ್ತೆರಡನ್ನೇ ತೋರಿಸಿ.