ಮುನ್ನೂರ ಹನ್ನೆರಡನೇ ಸಾಲಿನ ತಪ್ಪು

ಕಿವಿಯ ಮಿಷನ್ ಹಂಚುವ ಕಚೇರಿಯ ವೆಬ್‌ಸೈಟನ್ನು ಹೊತ್ತು ನಿಂತಿರುವ ಸರ್ವರ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ದೀಪಗಳು ಮಿನುಗುತ್ತಿವೆ, ಫ್ಯಾನು ತಿರುಗುತ್ತಿದೆ, ತಣ್ಣನೆಯ ಕೋಣೆಯಲ್ಲಿ ತಾವು ಕ್ಷೇಮವಾಗಿದ್ದೀರಿ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಲಾಂಡ್ರಿಯ ಇಸ್ತ್ರಿ ಯಂತ್ರಗಳ ಗದ್ದಲದಲ್ಲಿ ಇಪ್ಪತ್ತು ವರ್ಷ ನಿಂತು ಕಿವಿ ಕಳೆದುಕೊಂಡ ನನ್ನ ಅಮ್ಮನಿಗೆ ಒಂದು ಮಿಷನ್ ಸಿಗಲೆಂದು ತಮ್ಮ ಮೂಲಕ ಅರ್ಜಿ ಹಾಕಹೊರಟವಳು ನಾನೇ. ಅರ್ಜಿಗೆ ಕೊನೆಯ ದಿನ ಈ ಶುಕ್ರವಾರ.

'ಕಳಿಸಿ' ಎಂಬ ಗುಂಡಿ ಒತ್ತಿದ ಕೂಡಲೇ ತಾವು ಪರದೆಯ ತುಂಬ ಮನಸ್ಸು ಬಿಚ್ಚಿದಿರಿ. ಯಾವ ಕಡತವನ್ನು ಎಲ್ಲಿಟ್ಟಿದ್ದೀರಿ, ದಾಖಲೆಗಳನ್ನು ತೆರೆಯಲು ಯಾವ ಪಾಸ್‌ವರ್ಡ್ ಬಳಸುತ್ತೀರಿ ಎಂಬುದನ್ನೆಲ್ಲ ತಿಳಿಸಿ, ಕೊನೆಗೆ ಮುನ್ನೂರ ಹನ್ನೆರಡನೇ ಸಾಲಿನಲ್ಲಿ ತಪ್ಪಿದೆ ಎಂದೂ ಒಪ್ಪಿಕೊಂಡಿರಿ. ಓದಿ ಹೇಳಿದ ಕಂಪ್ಯೂಟರ್ ಅಂಗಡಿಯ ಅಕ್ಕ, "ಅಯ್ಯೋ, ಬೀಗ ಹಾಕಿ ಕೀಲಿಕೈನ ಬಾಗಿಲಿಗೇ ನೇತು ಹಾಕಿದಾರಲ್ಲೇ!" ಎಂದರು. ಮುಖಪರಿಚಯವೂ ಇಲ್ಲದವರ ಮುಂದೆ ಇಷ್ಟೆಲ್ಲ ಹೇಳಿಕೊಳ್ಳುವ ಧೈರ್ಯ ತಮ್ಮದು. ನನಗಾದರೋ ಅಂಗಡಿಯಲ್ಲಿ ಚಿಲ್ಲರೆ ಕೇಳುವುದಕ್ಕೂ ನಾಚಿಕೆ.

ಆ ಹಾಳೆಯನ್ನು ಪ್ರಿಂಟ್ ಮಾಡಿಸಿಕೊಂಡು ತಮ್ಮ ಕಚೇರಿಗೆ ಹೋದೆ. ಮೂರನೇ ಕಿಟಕಿಯ ಗುಮಾಸ್ತರು ಕನ್ನಡಕ ಏರಿಸಿ, "ಸ್ಪಷ್ಟವಾಗಿ ಬರೆದಿದೆಯಲ್ಲಮ್ಮ, ಮುನ್ನೂರ ಹನ್ನೆರಡನೇ ಸಾಲಲ್ಲಿ ತಪ್ಪು ಅಂತ. ತಿದ್ಕೊಂಡು ಬಾ" ಎಂದರು. ಅರ್ಜಿಯಲ್ಲಿರುವುದೇ ಇಪ್ಪತ್ತೆರಡು ಸಾಲು ಎಂದು ಮೆಲ್ಲಗೆ ಹೇಳಿದೆ. "ಹಾಗಾದ್ರೆ ಬಾಕಿ ಸಾಲು ಎಲ್ಲಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಬಾಕಿ ಇನ್ನೂರ ತೊಂಬತ್ತು ಸಾಲು ಬರೆಯಲು ಮನೆಯಲ್ಲಿ ಕುಳಿತೆ. ದೊಡ್ಡ ಹೊದಿಕೆಗಳನ್ನು ಮಡಿಸುವಾಗ ಅಮ್ಮ ಅಂಚನ್ನು ಗಲ್ಲದಡಿ ಒತ್ತಿ ಹಿಡಿಯುವುದು, ಎಡಗಿವಿ ಮೊದಲು ಹೋದದ್ದು, ಅದನ್ನು ಯಾರಿಗೂ ಹೇಳದೆ ಎರಡು ವರ್ಷ ಎಲ್ಲರನ್ನೂ ಬಲಗಡೆಯೇ ಕೂರಿಸಿಕೊಂಡದ್ದು, ಬಾಗಿಲು ಬಡಿದು ಬಡಿದು ಸಾಕಾಗಿ ಚಿಕ್ಕಮ್ಮ ಕೋಪದಿಂದ ಹಿಂದಿರುಗಿದ್ದು, ಎಲ್ಲವನ್ನೂ ಬರೆದೆ. ಅಮ್ಮ ಬಗ್ಗಿ ನೋಡಿ, "ಇಷ್ಟೆಲ್ಲ ಯಾಕೇ? ಕಿವುಡಿ ಅಂತ ಬರಿ, ಮುಗೀತು" ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದಳು. ಮುನ್ನೂರ ಹನ್ನೆರಡನೇ ಸಾಲು ಬಂದಾಗ ತಪ್ಪಾಗದಂತೆ ನಿಧಾನವಾಗಿ, "ನಾನು ಕರೆದರೆ ಅಮ್ಮ ತಿರುಗಿ ನೋಡುವುದಿಲ್ಲ" ಎಂದು ಬರೆದೆ. ಅದರಲ್ಲಿ ತಪ್ಪಿಲ್ಲ, ಮಾನ್ಯರೇ. ಮೂರು ಸಲ ಕರೆದು ನೋಡಿದ್ದೇನೆ.

ಗುಮಾಸ್ತರು ಬೆರಳಿಟ್ಟು ಸಾಲು ಎಣಿಸಿ, "ಈಗ ನೋಡು, ಲಕ್ಷಣವಾಗಿದೆ. ಇನ್ನು ವೆಬ್‌ಸೈಟಲ್ಲಿ ಕಳಿಸು" ಎಂದು ಮೊಹರು ಒತ್ತಿದರು. ಅಕ್ಕನ ಅಂಗಡಿಯಲ್ಲಿ ಮತ್ತೆ ಗುಂಡಿ ಒತ್ತಿದೆವು. ತಾವು ಅದೇ ಸೌಜನ್ಯದಿಂದ ಅದೇ ಕಡತ, ಅದೇ ಪಾಸ್‌ವರ್ಡ್, ಅದೇ ಮುನ್ನೂರ ಹನ್ನೆರಡನ್ನು ತೋರಿಸಿದಿರಿ. ಆ ಸಾಲು ತಮ್ಮದೇ ಹೊಟ್ಟೆಯೊಳಗಿನ ಪ್ರೋಗ್ರಾಮಿನದು, ನಮ್ಮ ಅರ್ಜಿಯದಲ್ಲ ಎಂದು ಅಕ್ಕನಿಗೆ ಆಗ ಹೊಳೆಯಿತು.

ಆದ್ದರಿಂದ ವಿನಂತಿ ಇಷ್ಟೇ. ಹಾಲು ಉಕ್ಕಿ ಒಲೆ ಆರಿದರೆ ನಾವು ನೆಂಟರನ್ನು ಅಡುಗೆಮನೆಗೆ ಕರೆದು ತೋರಿಸುವುದಿಲ್ಲ. ಸ್ವಲ್ಪ ತಡವಾಗುತ್ತದೆ, ಕೂತಿರಿ ಎಂದು ಹೇಳಿ, ಒಳಗೆ ಹೋಗಿ ಒಲೆ ಒರೆಸುತ್ತೇವೆ. ತಾವೂ ಹಾಗೆಯೇ ಮಾಡಿ, ತಪ್ಪನ್ನು ತಿದ್ದಬಲ್ಲವರಿಗೆ ಮಾತ್ರ ತೋರಿಸಬೇಕು. ಅವರು ಯಾರೂ ಸಿಗದಿದ್ದರೆ, ತಮ್ಮ ಕೆಟ್ಟ ಸಾಲನ್ನು ಕಿತ್ತು ಆ ಜಾಗಕ್ಕೆ ನಮ್ಮ ಮುನ್ನೂರ ಹನ್ನೆರಡನೇ ಸಾಲನ್ನೇ ಹಾಕಿಕೊಳ್ಳಬೇಕು. ಮೊಹರು ಬಿದ್ದ ಸಾಲು, ಗಟ್ಟಿಯಾಗಿದೆ.

ತಮ್ಮ ಗುಟ್ಟುಗಳನ್ನೆಲ್ಲ ಬಲ್ಲ, ಆದರೂ
ತಮ್ಮ ವಿಶ್ವಾಸಿ,
ಇಸ್ತ್ರಿಯಮ್ಮನ ಮಗಳು

ತಾ.ಕ.: ತಮ್ಮ ಪಾಸ್‌ವರ್ಡ್ ನಮಗೀಗ ಬಾಯಿಪಾಠವಾಗಿದೆ. "ಒಳಗೆ ಹೋಗಿ ಅಮ್ಮನ ಹೆಸರು ನಾವೇ ಸೇರಿಸಿಬಿಡೋಣ್ವಾ?" ಎಂದು ಅಕ್ಕ ದಿನವೂ ಕೇಳುತ್ತಾರೆ. ಬೇಡ ಎನ್ನುತ್ತಿದ್ದೇನೆ. ಶುಕ್ರವಾರ ಸಂಜೆ ನಾಲ್ಕೂವರೆಯವರೆಗೂ ಬೇಡ ಎಂದೇ ಹೇಳುತ್ತೇನೆ. ಕಚೇರಿ ಮುಚ್ಚುವುದು ಐದಕ್ಕೆ.