ಮಾವನವರಿಗೊಂದು ಟ್ಯಾಂಕು

ನಾನು ಮುಟ್ಟಿದ್ದೆಲ್ಲ ಮಣ್ಣಾಗುತ್ತದೆ ಎಂದು ನನ್ನ ಹೆಂಡತಿ ಮೊದಲಿಂದಲೂ ಹೇಳುತ್ತ ಬಂದಿದ್ದಾಳೆ. ಈ ವರ್ಷ ಅದಕ್ಕೆ ಸಾಕ್ಷಿಯನ್ನೂ ನಾನೇ ಒದಗಿಸಿದೆ.

ನನ್ನ ಕೆಲಸ ಶಕ್ತಿನಗರದಲ್ಲಿ, ಮನೆ ರಾಯಚೂರಿನಲ್ಲಿ. ರಜೆ ಸಿಕ್ಕರೆ ಸಾಕು, ಪ್ಲಾಸ್ಟಿಕ್ಕಿನ ಚೂರುಗಳನ್ನು ಅಂಟಿಸಿ ಗೇಣುದ್ದದ ಯುದ್ಧ ಟ್ಯಾಂಕು ಮಾಡುವ ಹುಚ್ಚು ನನಗೆ. ಮಾನ್ವಿಯಲ್ಲಿರುವ ಮಾವನವರು ಸೈನ್ಯದಲ್ಲಿ ನಿಜವಾದ ಟ್ಯಾಂಕನ್ನೇ ಓಡಿಸಿ ನಿವೃತ್ತರಾದವರು. ಮದುವೆಯಾದಾಗಿನಿಂದ ನನ್ನೊಡನೆ "ಬಂದ್ರ್ಯಾ? ಕುಂದರ್ರಿ" ಬಿಟ್ಟು ಬೇರೆ ಮಾತಾಡಿಲ್ಲ. "ನಮ್ಮ ಅಳಿಯಾ ಇನ್ನಾ ಗೊಂಬಿ ಆಡ್ತಾನ" ಎಂದು ಊರವರ ಮುಂದೆ ಹೇಳಿದ್ದು ಮಾತ್ರ ನನ್ನ ಕಿವಿಗೂ ಬಿತ್ತು. ಬಹಳ ಕೆಟ್ಟೆನಿಸಿತು. ಅವರು ಓಡಿಸಿದ ಟ್ಯಾಂಕನ್ನೇ ಮಾಡಿ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಗೆ ಒಯ್ದುಕೊಟ್ಟು, ಅವರ ಬಾಯಿಂದ ಒಮ್ಮೆಯಾದರೂ 'ಭಲೇ' ಅನ್ನಿಸಬೇಕೆಂದು ಹಟ ಹಿಡಿದೆ.

ಕೊರಿಯರ್‌ನಲ್ಲಿ ಬಂದ ಧೂಳು

ಟ್ಯಾಂಕು ಜೋಡಿಸುವುದು ಅರ್ಧ ಕೆಲಸವಷ್ಟೇ. ಈಗತಾನೇ ರಣರಂಗದಿಂದ ಬಂದಂತೆ ಕಾಣಬೇಕೆಂದರೆ ಅದಕ್ಕೆ ತುಕ್ಕು, ಕೆಸರು, ಧೂಳು ಎಲ್ಲ ಹಚ್ಚಬೇಕು. ಅದಕ್ಕೆಂದೇ ಪುಡಿ ಸಿಗುತ್ತದೆ. ತರಿಸಿದೆ. ಹೆಂಡತಿ ಡಬ್ಬಿ ತೆರೆದು ಮೂಸಿ ನೋಡಿದಳು.

"ಏನ್ರೀ ಇದು?"

"ಧೂಳು."

ಅವಳ ಕೈಯಲ್ಲಿದ್ದ ಕಸಬರಿಗೆ ಕೆಳಗೆ ಬಿತ್ತು. "ದಿನಾ ಎರಡೆರಡು ಸಲ ಮನಿ ಉಡಗಿ ನನ್ನ ನಡಾ ಮುರದದ. ರಾಯಚೂರಾಗ ಕುಂತು ರೊಕ್ಕಾ ಕೊಟ್ಟು ಧೂಳು ತರಸೀರ್ಯಾ?"

ಸಂಜೆ ಹುಡುಕಿದರೆ ಧೂಳು ಮೋರಿ ಸೇರಿತ್ತು, ಡಬ್ಬಿಯಲ್ಲಿ ಜೀರಿಗೆ ತುಂಬಿತ್ತು.

ಜಾಲಹಳ್ಳಿಯ ಎರೆಮಣ್ಣು

ಇನ್ನು ಊರ ಮಣ್ಣೇ ಗತಿ. ಯಾವುದೋ ಮದುವೆಗೆಂದು ದೇವದುರ್ಗದ ಕಡೆ ಹೋಗಿದ್ದೆ. ಬರುವಾಗ ಜಾಲಹಳ್ಳಿಯ ಹತ್ತಿರ ಒಂದು ಹೊಲದ ಎರೆಮಣ್ಣು ಕಣ್ಣಿಗೆ ಬಿತ್ತು. ಕಪ್ಪಗೆ, ನುಣ್ಣಗೆ. ಬಸ್ಸಿಳಿದು, ಜೇಬಿನಿಂದ ಚಹಾ ಸೋಸುವ ಜರಡಿ ತೆಗೆದು, ಮಣ್ಣು ಸೋಸುತ್ತ ಕುಂತುಬಿಟ್ಟೆ.

"ಯಾವನಲೇ ಅಂವ?"

ತಲೆ ಎತ್ತಿದೆ. ಹೊಲದ ಯಜಮಾನ ಬಾರುಕೋಲು ಹಿಡಿದು ನಿಂತಿದ್ದ. "ಬಂಗಾರ ಹುಡುಕಾಕತ್ತೀಯೇನು ನನ್ನ ಹೊಲದಾಗ?" ಬಂಗಾರ ಸಿಗುವ ಜಿಲ್ಲೆ ನಮ್ಮದು, ಅವನ ಅನುಮಾನ ತಪ್ಪಲ್ಲ.

"ಇಲ್ರೀ ಯಪ್ಪಾ. ಇಷ್ಟುದ್ದ ಟ್ಯಾಂಕ್ ಅದ. ಅದರ ಗಾಲಿಗೆ ಕೆಸರು ಮೆತ್ತಬೇಕ್ರಿ."

ಯಜಮಾನ ನನ್ನನ್ನೂ ಜರಡಿಯನ್ನೂ ನೋಡಿದ. ಬಾರುಕೋಲು ಕೆಳಗಿಳಿಯಿತು. ದನಿಯೂ ಇಳಿಯಿತು.

"ಮನ್ಯಾಗ ಯಾರ‍್ಯಾರು ಅದಾರ ತಮ್ಮಾ?"

"ಹೆಂಡ್ತಿ ಅದಾಳ್ರಿ."

"ಆಕಿಗೆ ಗೊತ್ತೇನು, ನೀ ಹಿಂಗ ತಿರುಗೂದು?"

ಒಂದು ಚೀಲ ಮಣ್ಣನ್ನು ಅವನೇ ತುಂಬಿಕೊಟ್ಟು, ನನ್ನ ಕೈ ಹಿಡಿದು ಬಸ್ಸು ಹತ್ತಿಸಿ, ಕಂಡಕ್ಟರನಿಗೆ ಹೇಳಿದ: "ಜ್ವಾಪಾನ ರೀ ಸಾಹೇಬ್ರ. ರಾಯಚೂರು ಬರೂತನಾ ಇಳಿಯಾಕ ಬಿಡಬ್ಯಾಡ್ರಿ, ಮಣ್ಣ ಕಂಡಲ್ಲೆ ಇಳಿತಾನಂವ."

ಫ್ಯಾನ್ಸಿ ಅಂಗಡಿ

ಮಣ್ಣು ಹಚ್ಚಲು ಮೆತ್ತನೆಯ ಬ್ರಷ್ ಬೇಕು, ತುಕ್ಕಿಗೆ ಕಂದು ಬಣ್ಣದ ಪುಡಿ ಬೇಕು, ಟ್ಯಾಂಕನ್ನು ಮರೆಮಾಚುವ ಬಲೆ ಬೇಕು. ಮೂರೂ ಸಿಗುವ ಜಾಗ ಊರಲ್ಲಿ ಒಂದೇ, ಹೆಂಗಸರ ಸಾಮಾನಿನ ಅಂಗಡಿ. ರೆಪ್ಪೆಗೆ ಹಚ್ಚುವ ಬಣ್ಣವನ್ನು ಮುಂಗೈಗೆ ಬಳಿದುಕೊಂಡು, ಬಿಸಿಲಿಗೆ ಹಿಡಿದು ನೋಡುತ್ತಿದ್ದೆ.

"ನಿಮ್ಮ ಮನ್ಯಾಗಿನ ಬಾಯೋರ ಮಾರಿ ಬಣ್ಣ ಹೆಂಗದ ರೀ?" ಎಂದಳು ಅಂಗಡಿಯಾಕೆ.

"ಆಕಿಗಲ್ರೀ, ನನಗೇ ಬೇಕು" ಎಂದೆ, ಗುಂಗಿನಲ್ಲಿ.

ಅಂಗಡಿಯಾಕೆ ನನ್ನ ಬೆನ್ನ ಹಿಂದೆ ನೋಡಿದಳು. ತಿರುಗಿ ನೋಡಿದರೆ ಹಿಂದೆ ನಮ್ಮ ಪಕ್ಕದ ಮನೆಯಾಕೆ ಬಳೆ ಏರಿಸಿಕೊಳ್ಳುತ್ತ ಬಾಯಿ ತೆರೆದು ಕುಂತಿದ್ದಾಳೆ! ನಾನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಹೆಂಡತಿ ಚೀಲ ಸುರುವಿದಳು.

"ಈ ಕೂದಲಿನ ಬಲಿ ಯಾರಿಗ್ರೀ?"

"ಟ್ಯಾಂಕಿಗೆ."

"ಸುಳ್ಳರೆ ಚೊಲೋದ್ ಹೇಳ್ರಿ" ಎಂದು ಒಳಗೆ ಹೋದಳು.

ಖಂಡೇಪೂಜೆ

ಅಂತೂ ಟ್ಯಾಂಕು ಮುಗಿಯಿತು. ಗಾಲಿಯಲ್ಲಿ ಜಾಲಹಳ್ಳಿಯ ಕೆಸರು, ಮೈತುಂಬ ತುಕ್ಕು, ತೋಪಿನ ಕೊಳವೆಯ ಬಾಯಲ್ಲಿ ಮಸಿ. ಬಸ್ಸಿನಲ್ಲಿ ಹೆಂಡತಿಯ ಪಕ್ಕ ಕುಂತು, ತೊಡೆಯ ಮೇಲಿಟ್ಟುಕೊಂಡು ಮಾನ್ವಿಗೆ ಒಯ್ದೆ. ಪಡಸಾಲೆಯಲ್ಲಿ ಕುಡಗೋಲು, ಕೊಡಲಿ ಎಲ್ಲ ಪೂಜೆಗೆ ಸಾಲಾಗಿ ಕುಂತಿದ್ದವು. ಮಾವನವರು ಟ್ಯಾಂಕನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣು ತುಂಬಿ ಬಂದವು.

"ಇದೇ. ನಾ ಓಡ್ಸಿದ್ದು ಇದೇ ಗಾಡಿ" ಎಂದರು. ಭಲೇ ಬಂತು, ಇನ್ನೇನು ಬಂತು ಎಂದು ಕಾದೆ.

ಅವರು ಅತ್ತೆಯವರನ್ನು ಕೂಗಿದರು. "ಒಂದು ಹಸಿ ಅರಿವಿ ತಾ."

ಕಣ್ಣೊರೆಸಿಕೊಳ್ಳಲು ಇರಬೇಕು ಎಂದುಕೊಂಡೆ. ಮಾವನವರು ಟ್ಯಾಂಕು ಒರೆಸತೊಡಗಿದರು!

"ಮಾವಾರ! ಅದು ಬೇಕಂತನ ಹಚ್ಚಿದ್ದು!"

"ಸುಮ್ನಿರ್ರಿ. ಇಂಥಾ ಹೊಲಸು ಗಾಡಿ ಕಂಡಿದ್ರ ನಮ್ಮ ಸಾಹೇಬ್ರು ನನ್ನ ಮೈದಾನ ಸುತ್ತಾ ಓಡಸ್ತಿದ್ರು."

ಮೂಲೆ ಮೂಲೆಗೆ ಬೆರಳು ಹಾಕಿ ಉಜ್ಜಿದರು. ಜಾಲಹಳ್ಳಿಯೂ ಹೋಯಿತು, ತುಕ್ಕೂ ಹೋಯಿತು. ಮೇಲೆ ಕೊಬ್ಬರಿ ಎಣ್ಣೆ ಸವರಿದರು, ಮಿಂಚಿತು. ಅತ್ತೆಯವರು ವಿಭೂತಿ ಬಳಿದು, ಕುಂಕುಮ ಹಚ್ಚಿ, ಮುಂದೊಂದು ನಿಂಬೆಹಣ್ಣು ಇಟ್ಟರು. ಹಣ್ಣು ಟ್ಯಾಂಕಿನ ಗಾಲಿಗಿಂತ ದೊಡ್ಡದು.

"ಹಾಯಿಸ್ರಿ ಅದರ ಮ್ಯಾಲೆ" ಎಂದರು ಅತ್ತೆ.

"ಬ್ಯಾಡ್ರೀ!" ಎಂದು ನಾನೂ ಹೆಂಡತಿಯೂ ಒಟ್ಟಿಗೇ ಚೀರಿದೆವು. ಆದರೆ ಮಾವನವರು ಆಗಲೇ ಟ್ಯಾಂಕು ಓಡಿಸುವ ಹುರುಪಿನಲ್ಲಿದ್ದರು. ಹಿಂದಿನಿಂದ ಒತ್ತಿ ನೂಕಿದರು. ಲಟಕ್! ಒಂದು ಗಾಲಿ ಕಿತ್ತು ಹೊಸ್ತಿಲ ತನಕ ಉರುಳಿತು, ಕೊಳವೆ ಮುರಿದು ಕುಂಕುಮದ ಬಟ್ಟಲಿಗೆ ಬಿತ್ತು.

ನಾನು ಗಾಲಿ ಎತ್ತಿಕೊಂಡು ಬಂದು ಮಾವನವರ ಮುಂದೆ ನಿಂತೆ.

ಮಾವನವರು ನಿಂಬೆಹಣ್ಣನ್ನು ಕೈಗೆತ್ತಿಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗೀರೂ ಬಿದ್ದಿರಲಿಲ್ಲ.

"ಭಲೇ!" ಎಂದರು.