ಸ್ಟೆಪ್ನಿ, ಜಾಕ್ ಮತ್ತು ಶೀನಪ್ಪಣ್ಣ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಲ್ಲಿ ಮಾರಾಟಕ್ಕಿರುವ ಯಾವ ಹಳೆಯ ಪಿಕಪ್ಪೂ ಎಂಬತ್ತು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಓಡಿಲ್ಲ. ಇದು ಮೆಲ್ಕಾರಿನ ಹಳೆ ಪಿಕಪ್ ವಿನಿಮಯ ಸಮಿತಿಯ ದಾಖಲೆಗಳಿಂದ ಸಿದ್ಧವಾದ ಸಂಗತಿ. ಹದಿನೈದು ವರ್ಷ ಕೆಂಪುಕಲ್ಲು ಹೊತ್ತ ಗಾಡಿಯೂ ಸಮಿತಿಯ ಅಂಗಳಕ್ಕೆ ಬರುವ ಹೊತ್ತಿಗೆ ಎಪ್ಪತ್ತು ಸಾವಿರದ ಆಸುಪಾಸಿನಲ್ಲೇ ಇರುತ್ತದೆ. ನಮ್ಮ ಜನ ಗಾಡಿಯನ್ನು ಅಷ್ಟು ಜೋಪಾನವಾಗಿ ಓಡಿಸುತ್ತಾರೆ. ಸಮಿತಿಯ ನಡವಳಿ ಬರೆಯುವವನು ನಾನೇ ಆದ್ದರಿಂದ ಇದರಲ್ಲಿ ಸಂಶಯ ಬೇಡ.

ಈ ಶಿಸ್ತನ್ನು ಮೊದಲು ಮುರಿದವರು ಅಳದಂಗಡಿಯ ಶೀನಪ್ಪಣ್ಣ. ಅರುವತ್ತೊಂದು ವರ್ಷದ ಈ ಮನುಷ್ಯ ಕಳೆದ ವರ್ಷದ ವಿನಿಮಯ ಮೇಳಕ್ಕೆ ತಂದ ಪಿಕಪ್ಪಿನ ಮೀಟರ್ ನಾಲ್ಕು ಲಕ್ಷದ ಎಂಬತ್ತಾರು ಸಾವಿರ ತೋರಿಸುತ್ತಿತ್ತು. ಹಳೆಯದನ್ನು ಕೊಟ್ಟು ಪವರ್ ಸ್ಟೇರಿಂಗ್ ಇರುವ ಹೊಸದನ್ನು ಒಯ್ಯಬೇಕೆಂಬುದು ಅವರ ಆಸೆ. ಇದರ ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಬೆನ್ನು ಹೋಗಿದೆ, ಒಂದು ಬೆರಳಲ್ಲಿ ತಿರುಗುವ ಗಾಡಿ ಸಿಕ್ಕಿದರೆ ಇನ್ನೈದು ವರ್ಷ ಬಾಡಿಗೆಗೆ ಓಡಿಸಿ ಮನೆಯಲ್ಲಿ ಕೂರುತ್ತೇನೆ ಎಂದು ಅರ್ಜಿಯಲ್ಲಿ ಬರೆದಿದ್ದರು. ಅರ್ಜಿಯಲ್ಲಿ ಬೆನ್ನಿಗೆ ಕಾಲಂ ಇಲ್ಲದ ಕಾರಣ ಅಂಚಿನಲ್ಲಿ ಬರೆದಿದ್ದರು.

ಸಮಿತಿಯ ಅಧ್ಯಕ್ಷರೂ ಮೌಲ್ಯಮಾಪಕರೂ ಆದ ಅಶ್ರಫ್ ಮೀಟರನ್ನು ನೋಡಿ, ಇದು ಹಾಳಾಗಿದೆ ಎಂದರು. ಅಷ್ಟೂ ತಾನೇ ಓಡಿಸಿದ್ದೆಂದು ಶೀನಪ್ಪಣ್ಣ ಹಟ ಹಿಡಿದರು. ಪ್ರಾಯ ಸಂದವರ ಮಾತಿಗೆ ಎದುರಾಡಬಾರದೆಂದು ಅಶ್ರಫ್ ಮೀಟರನ್ನು ಹಿಂದಿನ ಶೆಡ್ಡಿಗೆ ಕಳಿಸಿದರು. ನಾವು ಚಾ ಕುಡಿದು ಮುಗಿಸುವುದರೊಳಗೆ ಅದು ಗುಣವಾಗಿ ಬಂತು. ಈಗ ಎಪ್ಪತ್ತೊಂದು ಸಾವಿರ ಇತ್ತು.

ಗಾಡಿಯನ್ನು ನೋಡಲು ಬಂದವರು ಬೆಳುವಾಯಿಯಲ್ಲಿ ಶಾಮಿಯಾನದ ವ್ಯಾಪಾರ ಮಾಡುವ ಶಶಿಪ್ರಭಾ. ಕುರ್ಚಿ, ಪಾತ್ರೆ ಸಾಗಿಸಲು ಅವರಿಗೊಂದು ಪಿಕಪ್ ಬೇಕಿತ್ತು. ಅವರು ಕೀ ತಿರುಗಿಸಿದರು, ಗಾಡಿ ಕೆಮ್ಮಿ ಮಲಗಿತು. ಅಶ್ರಫ್ ತಿರುಗಿಸಿದರು, ಕೆಮ್ಮಲೂ ಇಲ್ಲ. ಕೊನೆಗೆ ಶೀನಪ್ಪಣ್ಣ ಹತ್ತಿ ಕ್ಲಚ್ಚನ್ನು ಮೂರು ಸಲ ತುಳಿದು, ಕೀಯನ್ನು ಅರ್ಧಕ್ಕೆ ತಂದು ನಿಲ್ಲಿಸಿ, ಸ್ಟೇರಿಂಗಿನ ಕೆಳಗೆ ಮೊಣಕಾಲಲ್ಲಿ ಒಂದು ಕೊಟ್ಟು, ಎದ್ದೇಳೆಂದು ತುಳುವಿನಲ್ಲಿ “ಲಕ್ಕ್ ಮಾರಾಯ” ಎಂದರು. ಗಾಡಿ ಎದ್ದಿತು. ಶಶಿಪ್ರಭಾ ಇದನ್ನೆಲ್ಲ ಹಾಗೆಯೇ ಮಾಡಿ ನೋಡಿದರು. ಮೊಣಕಾಲು ನೋವಾಯಿತೇ ಹೊರತು ಬೇರೇನೂ ಆಗಲಿಲ್ಲ.

“ಶೀನಪ್ಪಣ್ಣ ಗಾಡಿಯೊಟ್ಟಿಗೆ ಬರುವುದಾದರೆ ನಾನು ತೆಗೊಳ್ತೇನೆ” ಎಂದರು ಅವರು.

ಇಲ್ಲಿ ನಿಯಮ ಹನ್ನೊಂದನ್ನು ನೆನಪಿಸಬೇಕಾದದ್ದು ನನ್ನ ಕರ್ತವ್ಯವಾಗಿತ್ತು. ಹಿಂದೊಮ್ಮೆ ಒಬ್ಬ ಮಹನೀಯರು ಗಾಡಿ ಮಾರಿದ ಮೇಲೆ ಸ್ಟೆಪ್ನಿ, ಜಾಕ್, ಬ್ಯಾಟರಿ, ಕೊನೆಗೆ ಗೇರಿನ ಗುಂಡನ್ನೂ ತಿರುಚಿ ಕಿಸೆಗೆ ಹಾಕಿಕೊಂಡು ಹೋಗಿದ್ದರು. ಅಂದಿನಿಂದ ಜಾರಿಯಲ್ಲಿರುವ ನಿಯಮ ಹೀಗಿದೆ: ‘ಗಾಡಿಯ ಚಾಲನೆಗೆ ಅನಿವಾರ್ಯವಾದ ಯಾವ ಭಾಗವನ್ನೂ ಮಾರುವಾತನು ಕಳಚಿ ಒಯ್ಯತಕ್ಕದ್ದಲ್ಲ.’ ಶೀನಪ್ಪಣ್ಣನಿಲ್ಲದೆ ಗಾಡಿ ಓಡದೆಂಬುದು ಎಲ್ಲರ ಕಣ್ಣೆದುರೇ ಸಾಬೀತಾಗಿತ್ತು. ಆದ್ದರಿಂದ ಶೀನಪ್ಪಣ್ಣನನ್ನು ಶೀನಪ್ಪಣ್ಣ ಒಯ್ಯುವಂತಿರಲಿಲ್ಲ.

ಬಿಡಿಭಾಗಗಳ ಪಟ್ಟಿಯಲ್ಲಿ ಸ್ಟೆಪ್ನಿಗೂ ಜಾಕಿಗೂ ನಡುವೆ ಒಂದು ಗೆರೆ ಖಾಲಿ ಇತ್ತು. ಅಲ್ಲಿ ಅವರನ್ನು ಸೇರಿಸಿದೆ. ಅಶ್ರಫ್ ಶೀನಪ್ಪಣ್ಣನ ಹೆಗಲು ತಟ್ಟಿ, ಬಗ್ಗಿಸಿ, ಎಬ್ಬಿಸಿ, ‘ಬಗ್ಗುವಾಗ ಶಬ್ದ ಉಂಟು, ಓಡಾಟಕ್ಕೆ ತೊಂದರೆಯಿಲ್ಲ’ ಎಂದು ಬರೆಸಿದರು. ಶೀನಪ್ಪಣ್ಣನನ್ನು ಬಿಟ್ಟರೆ ಗಾಡಿಗೆ ಗುಜರಿ ಬೆಲೆ. ಸೇರಿಸಿದರೆ ಹೊಸ ಪಿಕಪ್ಪಿಗೆ ಸಾಲವೇ ಬೇಡದಷ್ಟು ಬೆಲೆ. ತನಗೆ ಇಷ್ಟು ಬೆಲೆ ಉಂಟೆಂದು ಈವರೆಗೆ ಯಾರೂ ಹೇಳಿರಲಿಲ್ಲ ಎಂದು ಶೀನಪ್ಪಣ್ಣ ಕಣ್ಣೊರೆಸಿಕೊಂಡರು. ಪೆನ್ನು ಹಿಡಿದ ಮೇಲೆ ಅವರಿಗೊಂದು ಸಂಶಯ ಬಂತು.

“ನಾನು ಬೆಳುವಾಯಿಗೆ ಹೋದರೆ ಹೊಸ ಗಾಡಿ ಓಡಿಸುವುದು ಯಾರು?”

“ಹೊಸ ಗಾಡಿಗೆ ಎಂತ ಮಾರಾಯ್ರೆ, ಕೀ ತಿರುಗಿಸಿದರೆ ಯಾರಿಗೂ ಬರ್ತದೆ” ಎಂದರು ಅಶ್ರಫ್. “ಅದಕ್ಕೆ ನೀವು ಬೇಕೂಂತಲೇ ಇಲ್ಲ.”

ಶೀನಪ್ಪಣ್ಣ ಹೊಸ ಗಾಡಿಯ ಸ್ಟೇರಿಂಗನ್ನು ಕಿಟಕಿಯಿಂದಲೇ ಒಂದು ಬೆರಳಲ್ಲಿ ಮುಟ್ಟಿ ನೋಡಿ, ಸಹಿ ಹಾಕಿದರು.

ಒಂದು ಸಣ್ಣ ತೊಡಕು ಉಳಿದಿತ್ತು. ಎಪ್ಪತ್ತೊಂದು ಸಾವಿರ ಓಡಿದ ಗಾಡಿಗೆ ಅರುವತ್ತೊಂದು ವರ್ಷದ ಬಿಡಿಭಾಗ ಇರುವುದು ಕಡತಕ್ಕೆ ಶೋಭೆಯಲ್ಲ. ಮೀಟರನ್ನು ಇಳಿಸಿದ ಪ್ರಮಾಣದಲ್ಲೇ ಇಳಿಸಿದಾಗ ಶೀನಪ್ಪಣ್ಣನ ಪ್ರಾಯ ಒಂಬತ್ತು ಎಂದು ಬಂತು. ಒಂಬತ್ತಕ್ಕೆ ಲೈಸೆನ್ಸ್ ಸಿಗುವುದಿಲ್ಲವಾದ್ದರಿಂದ ಸಮಿತಿ ಉದಾರವಾಗಿ ಇಪ್ಪತ್ತನಾಲ್ಕು ಎಂದು ನಿಗದಿ ಮಾಡಿತು.

ಒಂದು ವರ್ಷ ಎಲ್ಲವೂ ಕ್ರಮಬದ್ಧವಾಗಿ ನಡೆಯಿತು. ಬಿಡಿಭಾಗಕ್ಕೆ ಸಂಬಳ ಕೊಡುವ ಪದ್ಧತಿ ಇಲ್ಲದ್ದರಿಂದ ಶಶಿಪ್ರಭಾ ನಿರ್ವಹಣೆಯ ಖರ್ಚೆಂದು ತಿಂಗಳಿಗೆ ಇಷ್ಟು ಕೊಟ್ಟು, ಮಧ್ಯಾಹ್ನ ಊಟ ಹಾಕಿ, ಬೆನ್ನಿಗೆ ಒಂದು ಬಾಟಲಿ ತೈಲವನ್ನೂ ಕೊಡುತ್ತಿದ್ದರು. ಅವರು ವಸ್ತುಗಳನ್ನು ಚೆನ್ನಾಗಿಡುವ ಹೆಂಗಸು. ಹೊಸ ಪಿಕಪ್ ಅಳದಂಗಡಿಯ ಅಂಗಳದಲ್ಲಿ ಟರ್ಪಾಲು ಹೊದ್ದು ನಿಂತಿತ್ತು. ಬೇರೆಯವರ ಕೈಗೆ ಕೊಡಲು ಶೀನಪ್ಪಣ್ಣನಿಗೆ ಮನಸ್ಸಿಲ್ಲ, ಓಡಿಸಲು ಪುರುಸೊತ್ತಿಲ್ಲ. ರಜೆ ಸಿಕ್ಕಿದ ದಿನ ಅದರೊಳಗೆ ಕೂತು ಸ್ಟೇರಿಂಗನ್ನು ಒಂದು ಬೆರಳಲ್ಲಿ ಅತ್ತ ಇತ್ತ ತಿರುಗಿಸಿ ಇಳಿಯುತ್ತಿದ್ದರಂತೆ. ಇದನ್ನು ಕೇಳಿ ನನಗೆ ಬೇಸರವಾಯಿತು. ನಡವಳಿಯಲ್ಲಿ ಬೇಸರಕ್ಕೆ ಕಾಲಂ ಇಲ್ಲ.

ಮೊನ್ನೆ ಅವರು ಬಸ್ಸಿನಲ್ಲಿ ಬಂದು, ಬೆನ್ನು ಪೂರ್ತಿ ಸವೆದಿರುವುದರಿಂದ ತನ್ನನ್ನು ಗಾಡಿಯಿಂದ ಕಳಚಿ ಬಿಡಬೇಕೆಂದು ಅರ್ಜಿ ಕೊಟ್ಟರು. ಸಮಿತಿ ಸಹಾನುಭೂತಿಯಿಂದಲೇ ಕಡತ ತೆರೆಯಿತು. ಪ್ರಾಯ: ಈಗ ಇಪ್ಪತ್ತೈದು. ಗಾಡಿ ಓಡಿದ್ದು: ಎಂಬತ್ತು ಸಾವಿರದೊಳಗೆ. ಇಷ್ಟರಲ್ಲಿ ಸವೆಯಲು ಕಾರಣವೇ ಇರಲಿಲ್ಲ. ತಯಾರಿಕೆಯ ದೋಷವಿದ್ದರೆ ತಯಾರಕರನ್ನು ವಿಚಾರಿಸಬಹುದಿತ್ತು. ಶೀನಪ್ಪಣ್ಣನ ತಂದೆತಾಯಿ ತೀರಿಹೋಗಿ ಬಹಳ ಕಾಲವಾಗಿದೆ. ಅರುವತ್ತು ತುಂಬಿದ ಬಿಡಿಭಾಗವನ್ನು ಬದಲಿಸಬಹುದು ಎಂದು ನಿಯಮವುಂಟು. ಹಾಗಾಗಿ ಇನ್ನು ಮೂವತ್ತೈದು ವರ್ಷ ಬಾಕಿ ಎಂದು ಲೆಕ್ಕ ಹಾಕಿ ತಿಳಿಸಿದೆ. ಅಷ್ಟರವರೆಗೂ ಹೊಸ ಗಾಡಿ ಹೊಸದಾಗಿಯೇ ಇರುತ್ತದೆಂದು ಅಶ್ರಫ್ ಧೈರ್ಯ ಹೇಳಿದರು.

ಶೀನಪ್ಪಣ್ಣ ಕಡತವನ್ನು ತಾನೇ ತೆಗೆದುಕೊಂಡು, ಬೆರಳಿಟ್ಟು ನಿಧಾನವಾಗಿ ಓದಿದರು.

“ನೀವು ಹೇಳುವುದೂ ಸರಿಯೇ” ಎಂದರು. “ಇಪ್ಪತ್ತೈದು ವರ್ಷದವನಿಗೆ ಬೆನ್ನು ನೋವು ಅಂದರೆ ಯಾರು ನಂಬ್ತಾರೆ?”

ಅಷ್ಟರಲ್ಲಿ ಶಶಿಪ್ರಭಾ ಫೋನ್ ಮಾಡಿ, ಮದುವೆಮನೆಯ ಕುರ್ಚಿಗಳನ್ನು ಹೇರಿಯಾಗಿದೆ, ಗಾಡಿ ಏಳುತ್ತಿಲ್ಲ ಎಂದರು. ಶೀನಪ್ಪಣ್ಣ ಮೇಜಿಗೆ ಕೈಕೊಟ್ಟು ಏಳಲು ನೋಡಿದರು, ಆಗಲಿಲ್ಲ. ಅಶ್ರಫ್ ಹಿಂದಿನಿಂದ ಬಂದು ಅವರ ಮೊಣಕಾಲಿಗೆ ಮೆಲ್ಲನೆ ಒಂದು ತಟ್ಟಿ, “ಲಕ್ಕ್ ಮಾರಾಯ” ಎಂದರು. ಶೀನಪ್ಪಣ್ಣ ಎದ್ದು, ಬೆಳುವಾಯಿಗೆ ಹೋಗಲು ಮೂಡುಬಿದಿರೆಯ ಬಸ್ಸಿಗೆ ಹೊರಟರು. ಬಿಡಿಭಾಗ ಸುಸ್ಥಿತಿಯಲ್ಲಿದೆ ಎಂದು ಬರೆದು ನಾನು ನಡವಳಿ ಮುಗಿಸಿದೆ.